ಫ್ರಂಟ್‌ಎಂಡ್ ಘಟಕಗಳಲ್ಲಿ ಸ್ಥಿತಿ ನಿರ್ವಹಣೆಯ ಸರಳೀಕರಣ

ಸ್ಥಿತಿ ನಿರ್ವಹಣೆ ಎಂದರೆ ಬ್ರೌಸರಿನಲ್ಲಿ ನಡೆಯುವ ವೆಬ್ ಅಪ್ಲಿಕೇಶನ್ನಿನ ಘಟಕಗಳು ನೆನಪಿಟ್ಟುಕೊಳ್ಳಬೇಕಾದ ಮೌಲ್ಯಗಳು ಎಲ್ಲಿರಬೇಕು, ಅವನ್ನು ಯಾರು ಬದಲಿಸಬೇಕು, ಬದಲಾದಾಗ ತೆರೆಯ ಮೇಲಿನ ಚಿತ್ರಣ ಹೇಗೆ ಹೊಸದಾಗಬೇಕು ಎಂಬುದನ್ನು ನಿಯಮಕ್ಕೆ ಒಳಪಡಿಸುವ ತಂತ್ರಾಂಶ ವಿನ್ಯಾಸದ ವಿಭಾಗ. ಸರಳೀಕರಣವೆಂದರೆ ಈ ಮೌಲ್ಯಗಳ ಸಂಖ್ಯೆಯನ್ನು ಕನಿಷ್ಠಕ್ಕೆ ಇಳಿಸುವುದು, ಪ್ರತಿಯೊಂದಕ್ಕೂ ಒಬ್ಬನೇ ಒಡೆಯನನ್ನು ಗೊತ್ತುಮಾಡುವುದು, ಉಳಿದುದನ್ನೆಲ್ಲ ಅವುಗಳಿಂದ ಲೆಕ್ಕಹಾಕಿ ಪಡೆಯುವುದು. 2010ರಿಂದೀಚೆಗೆ ಬಂದ ಆ್ಯಂಗ್ಯುಲರ್, ರಿಯಾಕ್ಟ್, ವ್ಯೂ, ಸ್ವೆಲ್ಟ್, ಸಾಲಿಡ್ ಮೊದಲಾದ ಚೌಕಟ್ಟುಗಳ ಇತಿಹಾಸದ ದೊಡ್ಡ ಭಾಗ ಈ ಪ್ರಶ್ನೆಗೆ ಕೊಟ್ಟ ಬೇರೆಬೇರೆ ಉತ್ತರಗಳ ಇತಿಹಾಸವೇ ಆಗಿದೆ.

ಪರಿಭಾಷೆ

ಘಟಕ ಅಥವಾ ಕಾಂಪೊನೆಂಟ್ ಎಂದರೆ ತೆರೆಯ ಒಂದು ಭಾಗದ ರೂಪ ಮತ್ತು ವರ್ತನೆ ಎರಡನ್ನೂ ಒಳಗೊಂಡ, ಮತ್ತೆಮತ್ತೆ ಬಳಸಬಹುದಾದ ಕೋಡಿನ ತುಣುಕು. ಗುಂಡಿ, ಹುಡುಕು ಪೆಟ್ಟಿಗೆ, ಪುಸ್ತಕಗಳ ಪಟ್ಟಿ, ಖರೀದಿ ಬುಟ್ಟಿ ಇವೆಲ್ಲ ಘಟಕಗಳು. ದೊಡ್ಡ ಘಟಕದೊಳಗೆ ಚಿಕ್ಕವು ಸೇರಿ ಒಂದು ಮರದ ರಚನೆ ಮೂಡುತ್ತದೆ. ಹೊರಗಿನದನ್ನು ತಾಯಿ ಘಟಕ, ಒಳಗಿನದನ್ನು ಮರಿ ಘಟಕ ಎಂದು ಈ ಲೇಖನದಲ್ಲಿ ಕರೆಯಲಾಗಿದೆ.

ಸ್ಥಿತಿ ಎಂದರೆ ಒಂದು ಚಿತ್ರಣದಿಂದ ಮುಂದಿನ ಚಿತ್ರಣದವರೆಗೆ ಉಳಿಯುವ, ಬಳಕೆದಾರರ ಕ್ರಿಯೆಯಿಂದಲೋ ಸರ್ವರಿನ ಉತ್ತರದಿಂದಲೋ ಕಾಲ ಸರಿಯುವುದರಿಂದಲೋ ಬದಲಾಗಬಲ್ಲ ಮೌಲ್ಯ. ಪ್ರಾಪ್ಸ್ ಎಂದರೆ ತಾಯಿ ಘಟಕ ಮರಿ ಘಟಕಕ್ಕೆ ಒಪ್ಪಿಸುವ ಮೌಲ್ಯ. ಪಡೆದ ಘಟಕ ಅದನ್ನು ಓದಬಹುದು, ತಿದ್ದುವಂತಿಲ್ಲ. ಸ್ಥಿತಿ ಮತ್ತು ಪ್ರಾಪ್ಸ್‌ನಿಂದ ಲೆಕ್ಕಹಾಕಿ ಪಡೆಯಬಹುದಾದುದು ನಿಷ್ಪನ್ನ ಮೌಲ್ಯ. ಸ್ಥಿತಿಯನ್ನು ಓದಿ ತೆರೆಯ ವಿವರಣೆಯನ್ನು ತಯಾರಿಸುವ ಕೆಲಸ ಚಿತ್ರಣ. ಸರ್ವರಿಗೆ ವಿನಂತಿ ಕಳುಹಿಸುವುದು, ಗಡಿಯಾರ ಹೂಡುವುದು, ಪುಟದ ಶೀರ್ಷಿಕೆ ಬದಲಿಸುವುದು ಮುಂತಾಗಿ ಚಿತ್ರಣದ ಆಚೆಗಿನ ಲೋಕವನ್ನು ಮುಟ್ಟುವ ಕೆಲಸ ಇಫೆಕ್ಟ್. ಘಟಕಗಳ ಮರದ ಹೊರಗೆ ನಿಂತು ಹಲವು ಘಟಕಗಳಿಗೆ ಸ್ಥಿತಿಯನ್ನು ಒದಗಿಸುವ ವಸ್ತು ಸ್ಟೋರ್. ಬ್ರೌಸರ್ ತನ್ನೊಳಗೆ ಇಟ್ಟುಕೊಳ್ಳುವ ಪುಟದ ಜೀವಂತ ಮಾದರಿ ಡಾಮ್.

ಉಗಮ ಮತ್ತು ಬೆಳವಣಿಗೆ

ದತ್ತಾಂಶವನ್ನು ತೆರೆಯಿಂದ ಬೇರ್ಪಡಿಸಬೇಕೆಂಬ ವಿಚಾರ ವೆಬ್‌ಗಿಂತ ಹಳೆಯದು. ನಾರ್ವೆಯ ಗಣಕ ವಿಜ್ಞಾನಿ ಟ್ರಿಗ್ವೆ ರೀನ್‌ಸ್ಕೌಗ್ 1979ರಲ್ಲಿ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಸ್ಮಾಲ್‌ಟಾಕ್ ಭಾಷೆಗಾಗಿ ಮಾಡೆಲ್–ವ್ಯೂ–ಕಂಟ್ರೋಲರ್ ವಿನ್ಯಾಸವನ್ನು ರೂಪಿಸಿದರು. ಅದೇ ವರ್ಷ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಹೊರತಂದ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟಿನಲ್ಲಿ ಒಂದು ಕೋಶದ ಅಂಕಿ ಬದಲಾದರೆ ಅದನ್ನು ಅವಲಂಬಿಸಿದ ಮೊತ್ತವೂ ಬದಲಾಗುತ್ತಿತ್ತು. ಮೂಲ ಮೌಲ್ಯ ಮತ್ತು ನಿಷ್ಪನ್ನ ಮೌಲ್ಯಗಳ ನಡುವಿನ ಈ ಭೇದ, ಲೇಖನದ ಕೊನೆಯಲ್ಲಿ ವಿವರಿಸಿದ ಇಂದಿನ ಸಿಗ್ನಲ್ ಪದ್ಧತಿಯಲ್ಲಿ ಹಾಗೆಯೇ ಉಳಿದಿದೆ. 1987ರಲ್ಲಿ ಇಸ್ರೇಲಿನ ಡೇವಿಡ್ ಹರೆಲ್ ಪ್ರಕಟಿಸಿದ ಸ್ಟೇಟ್‌ಚಾರ್ಟ್ ಪದ್ಧತಿ, ಸಂಕೀರ್ಣ ವ್ಯವಸ್ಥೆಗಳ ಸ್ಥಿತಿಗಳನ್ನೂ ಸ್ಥಿತ್ಯಂತರಗಳನ್ನೂ ಚಿತ್ರರೂಪದಲ್ಲಿ ನಿಖರವಾಗಿ ಬರೆಯುವ ಮಾರ್ಗ ತೋರಿಸಿತು.

ವೆಬ್‌ನ ಮೊದಲ ದಶಕದಲ್ಲಿ ಸ್ಥಿತಿ ಬಹುಪಾಲು ಸರ್ವರಿನಲ್ಲಿತ್ತು. ಪ್ರತಿ ಕೊಂಡಿ ಒತ್ತಿದಾಗಲೂ ಹೊಸ ಪುಟ ಬರುತ್ತಿತ್ತು, ಹಳೆಯ ಪುಟದ ನೆನಪು ಅಳಿಯುತ್ತಿತ್ತು. 1995ರಲ್ಲಿ ಬ್ರೆಂಡನ್ ಐಕ್ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯನ್ನು ರೂಪಿಸಿದರು. 2004ರ ಜಿಮೇಲ್ ಮತ್ತು 2005ರಲ್ಲಿ ಏಜಾಕ್ಸ್ ಎಂಬ ಹೆಸರು ಪಡೆದ ತಂತ್ರದಿಂದಾಗಿ ಪುಟವನ್ನು ಮರುತೆರೆಯದೆ ಅದರ ಭಾಗಗಳನ್ನು ಬದಲಿಸುವುದು ರೂಢಿಗೆ ಬಂತು. ಪುಟ ಗಂಟೆಗಟ್ಟಲೆ ತೆರೆದೇ ಇರತೊಡಗಿತು, ಸ್ಥಿತಿ ಬ್ರೌಸರಿನಲ್ಲಿ ಶೇಖರವಾಗತೊಡಗಿತು. ಜಾನ್ ರೆಸಿಗ್ 2006ರಲ್ಲಿ ಬಿಡುಗಡೆ ಮಾಡಿದ ಜೆಕ್ವೆರಿ ಡಾಮ್ ತಿದ್ದುವ ಕೆಲಸವನ್ನು ಸುಲಭಗೊಳಿಸಿತು. ಆ ಪದ್ಧತಿಯಲ್ಲಿ ಸ್ಥಿತಿಗೆ ಪ್ರತ್ಯೇಕ ನೆಲೆ ಇರಲಿಲ್ಲ. ಉದಾಹರಣೆಗೆ, ಪುಸ್ತಕ ಮಾರುವ ತಾಣದ ಖರೀದಿ ಬುಟ್ಟಿಯಲ್ಲಿ ಎಷ್ಟು ಪುಸ್ತಕಗಳಿವೆ ಎಂದು ತಿಳಿಯಲು ತೆರೆಯ ಮೇಲಿನ ಅಕ್ಷರಗಳನ್ನೇ ಓದುವುದು ಸಾಮಾನ್ಯವಾಗಿತ್ತು.

2010ರಲ್ಲಿ ಮೂರು ತಂತ್ರಾಂಶ ಗ್ರಂಥಾಲಯಗಳು (ಲೈಬ್ರರಿಗಳು) ಈ ಕೊರತೆಯನ್ನು ತುಂಬಲು ಬಂದವು. ಜೆರೆಮಿ ಆ್ಯಶ್ಕೆನಸ್ ಅವರ ಬ್ಯಾಕ್‌ಬೋನ್ ಮಾದರಿಗಳನ್ನೂ ಬದಲಾವಣೆಯ ಘೋಷಣೆಗಳನ್ನೂ ಒದಗಿಸಿತು. ಸ್ಟೀವ್ ಸ್ಯಾಂಡರ್ಸನ್ ಅವರ ನಾಕ್‌ಔಟ್ ತನ್ನನ್ನು ಓದಿದವರನ್ನು ತಾನೇ ನೆನಪಿಟ್ಟುಕೊಳ್ಳುವ ಅಬ್ಸರ್ವಬಲ್ ಮೌಲ್ಯಗಳನ್ನು ತಂದಿತು. ಗೂಗಲ್‌ನ ಆ್ಯಂಗ್ಯುಲರ್‌ಜೆಎಸ್ ದ್ವಿಮುಖ ಬಂಧವನ್ನು ಜನಪ್ರಿಯಗೊಳಿಸಿತು: ತೆರೆಯಲ್ಲಿ ಬರೆದರೆ ಮಾದರಿ ಬದಲಾಗುತ್ತದೆ, ಮಾದರಿ ಬದಲಾದರೆ ತೆರೆ ಬದಲಾಗುತ್ತದೆ. ಅದು ಕಣ್ಗಾವಲಿನಲ್ಲಿದ್ದ ಮೌಲ್ಯಗಳನ್ನೆಲ್ಲ ಸುತ್ತುಸುತ್ತಾಗಿ ಹೋಲಿಸಿ ನೋಡುತ್ತಿತ್ತು. ಒಂದು ಬದಲಾವಣೆ ಇನ್ನೊಂದನ್ನು ಹುಟ್ಟಿಸುತ್ತ 10 ಸುತ್ತಿನಲ್ಲೂ ಸ್ಥಿರಗೊಳ್ಳದಿದ್ದರೆ ದೋಷ ಸೂಚಿಸಿ ನಿಲ್ಲುತ್ತಿತ್ತು.

ಫೇಸ್‌ಬುಕ್‌ನ ಜೋರ್ಡನ್ ವಾಕ್ ರೂಪಿಸಿದ ರಿಯಾಕ್ಟ್ 2013ರ ಮೇ ತಿಂಗಳಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂತು. ತೆರೆಯು ಸ್ಥಿತಿಯ ಫಲನ ಎಂಬುದು ಅದರ ಮೂಲ ಪ್ರತಿಜ್ಞೆ. ಸ್ಥಿತಿ ಬದಲಾದಾಗ ಘಟಕ ತನ್ನ ಪೂರ್ಣ ವಿವರಣೆಯನ್ನು ಮತ್ತೆ ಕೊಡುತ್ತದೆ. ಹಳೆಯ ಮತ್ತು ಹೊಸ ವಿವರಣೆಗಳ ವ್ಯತ್ಯಾಸವನ್ನು ಕಂಡುಹಿಡಿದು ಡಾಮ್‌ನಲ್ಲಿ ಅಷ್ಟನ್ನೇ ತಿದ್ದುವುದು ಗ್ರಂಥಾಲಯದ ಹೊಣೆ. 2014ರಲ್ಲಿ ಅದೇ ಸಂಸ್ಥೆ ಫ್ಲಕ್ಸ್ ವಿನ್ಯಾಸವನ್ನು ಪರಿಚಯಿಸಿತು. ಓದದ ಸಂದೇಶಗಳ ಸಂಖ್ಯೆಯನ್ನು ತೋರಿಸುವ ಗುರುತು, ಸಂದೇಶ ಪೆಟ್ಟಿಗೆ ಮತ್ತು ಚಾಟ್ ಕಿಟಕಿ ಪರಸ್ಪರ ಹೊಂದದೆ ತಪ್ಪು ಸಂಖ್ಯೆ ಮತ್ತೆಮತ್ತೆ ಕಾಣಿಸಿಕೊಳ್ಳುತ್ತಿದ್ದುದನ್ನು ಅದರ ಪ್ರೇರಣೆಗಳಲ್ಲಿ ಒಂದಾಗಿ ಫ್ಲಕ್ಸ್ ರೂಪಿಸಿದವರು ವಿವರಿಸಿದರು. ದತ್ತಾಂಶ ಒಂದೇ ದಿಕ್ಕಿನಲ್ಲಿ ಹರಿಯಬೇಕೆಂಬುದು ಫ್ಲಕ್ಸ್‌ನ ಸಾರ.

ಇದೇ ಕಾಲದಲ್ಲಿ ಫಂಕ್ಷನಲ್ ಭಾಷೆಗಳಿಂದಲೂ ಪ್ರಭಾವ ಬಂತು. ಇವಾನ್ ಚಾಪ್ಲಿಕಿ 2012ರಲ್ಲಿ ಪ್ರಕಟಿಸಿದ ಎಲ್ಮ್ ಭಾಷೆಯಲ್ಲಿ ಮಾದರಿ, ನವೀಕರಣ, ನೋಟ ಎಂಬ ಮೂರು ಭಾಗಗಳ ವಾಸ್ತು ಬೆಳೆಯಿತು. ಡ್ಯಾನ್ ಅಬ್ರಮೊವ್ ಮತ್ತು ಆ್ಯಂಡ್ರ್ಯೂ ಕ್ಲಾರ್ಕ್ 2015ರಲ್ಲಿ ಫ್ಲಕ್ಸ್ ಮತ್ತು ಎಲ್ಮ್ ಎರಡರ ವಿಚಾರಗಳನ್ನೂ ಕೂಡಿಸಿ ರಿಡಕ್ಸ್ ರಚಿಸಿದರು. ಮಿಶೆಲ್ ವೆಸ್ಟ್‌ಸ್ಟ್ರೇಟ್ ಅದೇ ವರ್ಷ ರೂಪಿಸಿದ, ಮುಂದೆ ಮಾಬ್‌ಎಕ್ಸ್ ಎಂದು ಹೆಸರಾದ ಗ್ರಂಥಾಲಯ ಅಬ್ಸರ್ವಬಲ್ ಮಾರ್ಗವನ್ನು ಮುಂದುವರಿಸಿತು. ಇವಾನ್ ಯೂ 2014ರಲ್ಲಿ ಬಿಡುಗಡೆ ಮಾಡಿದ ವ್ಯೂ ಕೂಡ ಅವಲಂಬನೆಗಳನ್ನು ತಾನಾಗಿ ಗುರುತಿಸುವ ಪದ್ಧತಿಯನ್ನೇ ಆಯ್ದುಕೊಂಡಿತು.

ಸರಳೀಕರಣದ ಘಟ್ಟ 2018ರ ಸುಮಾರಿಗೆ ಆರಂಭವಾಯಿತು. ಆ ವರ್ಷ ರಿಯಾಕ್ಟ್ 16.3ರಲ್ಲಿ ಹೊಸ ಕಾಂಟೆಕ್ಸ್ಟ್ ಸೌಲಭ್ಯ ಬಂತು. 2019ರ ಫೆಬ್ರವರಿಯಲ್ಲಿ 16.8ನೇ ಆವೃತ್ತಿ, ಘಟಕದ ಫಂಕ್ಷನ್ನಿನೊಳಗೆ ಕರೆಯುವ ಹುಕ್ಸ್ ಎಂಬ ಸೌಲಭ್ಯಗಳನ್ನು ತಂದಿತು. ಅದುವರೆಗೆ ಕ್ಲಾಸ್ ರೂಪದ ಘಟಕಗಳಿಗೆ ಮೀಸಲಾಗಿದ್ದ ಸ್ಥಿತಿ ಸಾಮಾನ್ಯ ಫಂಕ್ಷನ್ನುಗಳಿಗೂ ದಕ್ಕಿತು. ರಿಚ್ ಹ್ಯಾರಿಸ್ ಅವರ ಸ್ವೆಲ್ಟ್ 2019ರ 3ನೇ ಆವೃತ್ತಿಯಲ್ಲಿ ಸಾಮಾನ್ಯ ಮೌಲ್ಯ ನಿಯೋಜನೆಯನ್ನೇ ಸ್ಥಿತಿ ಬದಲಾವಣೆಯೆಂದು ಕಂಪೈಲರ್ ಗ್ರಹಿಸುವಂತೆ ಮಾಡಿತು. ವ್ಯೂ 3 ಸೆಪ್ಟೆಂಬರ್ 2020ರಲ್ಲಿ, ಘಟಕದ ಸ್ಥಿತಿ ಮತ್ತು ತರ್ಕವನ್ನು ಫಂಕ್ಷನ್ನುಗಳಲ್ಲಿ ಬರೆಯುವ ಕಾಂಪೊಸಿಶನ್ ಎಪಿಐ ಒದಗಿಸಿತು.

ರಚನೆ

ಯಾವ ಚೌಕಟ್ಟಿನಲ್ಲಾದರೂ ಸ್ಥಿತಿಯ ಚಕ್ರಕ್ಕೆ ನಾಲ್ಕು ಹಂತಗಳಿವೆ. ಮೊದಲು ಒಂದು ಘಟನೆ ನಡೆಯುತ್ತದೆ: ಗುಂಡಿ ಒತ್ತುವುದು, ಅಕ್ಷರ ಟೈಪಿಸುವುದು, ಸರ್ವರಿನ ಉತ್ತರ ಬರುವುದು. ಎರಡನೆಯದಾಗಿ ಆ ಘಟನೆ ಮುಂದಿನ ಸ್ಥಿತಿಯನ್ನು ನಿರ್ಧರಿಸುತ್ತದೆ. ಮೂರನೆಯದಾಗಿ ಸ್ಥಿತಿ ಬದಲಾಯಿತೆಂಬುದನ್ನು ಚೌಕಟ್ಟು ಗುರುತಿಸುತ್ತದೆ. ಕೊನೆಗೆ ತೆರೆಯ ಸಂಬಂಧಪಟ್ಟ ಭಾಗಗಳು ಮರುಚಿತ್ರಣಗೊಳ್ಳುತ್ತವೆ. ಚೌಕಟ್ಟುಗಳ ನಡುವಿನ ಮುಖ್ಯ ಭೇದ ಮೂರನೆಯ ಹಂತದಲ್ಲಿದೆ.

ರಿಯಾಕ್ಟ್ ಮತ್ತು ರಿಡಕ್ಸ್ ಬದಲಾವಣೆಯನ್ನು ಗುರುತಿನ ಹೋಲಿಕೆಯಿಂದ ಕಂಡುಕೊಳ್ಳುತ್ತವೆ. ಹಳೆಯ ವಸ್ತುವನ್ನು ಒಳಗೇ ತಿದ್ದಿದರೆ ಅದರ ಗುರುತು ಬದಲಾಗುವುದಿಲ್ಲ, ಆದ್ದರಿಂದ ಚೌಕಟ್ಟಿಗೆ ಅದು ಕಾಣುವುದಿಲ್ಲ. ಬದಲಾದ ಅಂಶಗಳನ್ನೊಳಗೊಂಡ ಹೊಸ ವಸ್ತುವನ್ನೇ ಸೃಷ್ಟಿಸಬೇಕು. ಈ ನಿಯಮಕ್ಕೆ ಅಪರಿವರ್ತನೀಯತೆ ಎಂದು ಹೆಸರು. ಹಲವು ಪದರಗಳ ವಸ್ತುವಿನಲ್ಲಿ ಇದು ಶ್ರಮದ ಕೆಲಸ. ವೆಸ್ಟ್‌ಸ್ಟ್ರೇಟ್ ಅವರ ಇಮ್ಮರ್ ಗ್ರಂಥಾಲಯ ತಿದ್ದುಪಡಿಯನ್ನು ಒಂದು ಕರಡು ಪ್ರತಿಯ ಮೇಲೆ ನೇರವಾಗಿ ಬರೆಯಲು ಬಿಟ್ಟು, ಮುಟ್ಟಿದ ಭಾಗಗಳಿಗೆ ಮಾತ್ರ ಹೊಸ ವಸ್ತುಗಳನ್ನು ಕಟ್ಟಿಕೊಡುವ ಮೂಲಕ ಆ ಶ್ರಮವನ್ನು ನೀಗಿಸಿತು.

ವ್ಯೂ, ಮಾಬ್‌ಎಕ್ಸ್, ಸಾಲಿಡ್‌ಗಳಲ್ಲಿ ಗುರುತಿಸುವಿಕೆ ಅವಲಂಬನೆಯ ದಾಖಲೆಯಿಂದ ನಡೆಯುತ್ತದೆ. ಒಂದು ಲೆಕ್ಕಾಚಾರ ನಡೆಯುವಾಗ ಯಾವ ಮೌಲ್ಯಗಳನ್ನು ಓದಿತು ಎಂಬುದನ್ನು ಬರೆದಿಟ್ಟುಕೊಂಡು, ಅವು ಬದಲಾದಾಗ ಅದನ್ನಷ್ಟೇ ಮತ್ತೆ ನಡೆಸಲಾಗುತ್ತದೆ. 2015ರ ಜಾವಾಸ್ಕ್ರಿಪ್ಟ್ ಪ್ರಮಾಣದಲ್ಲಿ ಸೇರಿದ ಪ್ರಾಕ್ಸಿ ಸೌಲಭ್ಯ ಓದು ಮತ್ತು ಬರಹ ಎರಡನ್ನೂ ತಡೆದು ನೋಡಲು ಅವಕಾಶ ಕೊಡುತ್ತದೆ; ವ್ಯೂ 3 ಇದನ್ನು ಆಧರಿಸಿದೆ. ಸ್ವೆಲ್ಟ್ ಈ ಕೆಲಸದ ಒಂದು ಪಾಲನ್ನು ಕಂಪೈಲರಿಗೆ ಒಪ್ಪಿಸಿದೆ.

ಒಂದೇ ಘಟನೆಯಲ್ಲಿ ಹಲವು ಮೌಲ್ಯಗಳು ಬದಲಾದರೆ ಚೌಕಟ್ಟುಗಳು ಅವನ್ನು ಒಟ್ಟುಗೂಡಿಸಿ ಒಂದೇ ಬಾರಿ ಚಿತ್ರಿಸುತ್ತವೆ. ಮಾರ್ಚ್ 2022ರ ರಿಯಾಕ್ಟ್ 18 ಈ ಒಟ್ಟುಗೂಡಿಕೆಯನ್ನು ಗಡಿಯಾರ ಮತ್ತು ಸರ್ವರ್ ಉತ್ತರಗಳಿಂದ ಹುಟ್ಟುವ ಬದಲಾವಣೆಗಳಿಗೂ ವಿಸ್ತರಿಸಿತು. ರಿಯಾಕ್ಟ್‌ನಲ್ಲಿ ಹೊಸ ಮೌಲ್ಯ ಕೊಟ್ಟ ಮರುಸಾಲಿನಲ್ಲೇ ಅದನ್ನು ಓದಿದರೆ ಹಳೆಯದೇ ಸಿಗುತ್ತದೆ. ಹಿಂದಿನ ಮೌಲ್ಯವನ್ನು ಅವಲಂಬಿಸಿದ ಬದಲಾವಣೆಯನ್ನು ಫಂಕ್ಷನ್ ರೂಪದಲ್ಲಿ ಕೊಡುವುದು ರೂಢಿ.

ಸ್ಥಿತಿಯ ಬಗೆಗಳು

ಸ್ಥಿತಿಯನ್ನು ಅದರ ಒಡೆತನ ಮತ್ತು ಆಯುಷ್ಯದ ಪ್ರಕಾರ ಆರು ಬಗೆಯಾಗಿ ವಿಂಗಡಿಸಬಹುದು.

ಸ್ಥಳೀಯ ಸ್ಥಿತಿ ಒಂದೇ ಘಟಕಕ್ಕೆ ಸೇರಿದ್ದು. ಪಟ್ಟಿ ಬಿಚ್ಚಿದೆಯೇ ಮುಚ್ಚಿದೆಯೇ ಎಂಬುದು ಇದಕ್ಕೆ ಉದಾಹರಣೆ. ಘಟಕ ತೆರೆಯಿಂದ ಮರೆಯಾದಾಗ ಇದೂ ಅಳಿಯುತ್ತದೆ.

ಹಂಚಿಕೆಯ ಸ್ಥಿತಿ ಹಲವು ಘಟಕಗಳಿಗೆ ಬೇಕಾದದ್ದು. ಬುಟ್ಟಿಯ ಪುಸ್ತಕಗಳು, ಲಾಗಿನ್ ಆದವರ ವಿವರ, ಆಯ್ದ ಭಾಷೆ ಈ ಗುಂಪಿಗೆ ಸೇರುತ್ತವೆ.

ಸರ್ವರ್ ಸ್ಥಿತಿಯ ನಿಜವಾದ ಒಡೆತನ ಬ್ರೌಸರಿನ ಹೊರಗಿದೆ. ಪುಸ್ತಕದ ಬೆಲೆಯಾಗಲಿ ದಾಸ್ತಾನಾಗಲಿ ಬೇರೊಬ್ಬರಿಂದ ಯಾವ ಕ್ಷಣದಲ್ಲಾದರೂ ಬದಲಾಗಬಹುದು. ಬ್ರೌಸರಿನಲ್ಲಿರುವುದು ಒಂದು ಕ್ಷಣದ ನಕಲು ಮಾತ್ರ.

ಯುಆರ್‌ಎಲ್ ಸ್ಥಿತಿ ವಿಳಾಸದಲ್ಲಿ ಅಡಕವಾಗಿರುತ್ತದೆ: ಹುಡುಕು ಪದ, ಪುಟದ ಸಂಖ್ಯೆ, ವಿಂಗಡಣೆಯ ಕ್ರಮ. ಇದನ್ನು ಇತರರಿಗೆ ಕಳುಹಿಸಬಹುದು, ಬ್ರೌಸರಿನ ಹಿಂದೆ–ಮುಂದೆ ಗುಂಡಿಗಳಿಂದ ಮರಳಿ ಪಡೆಯಬಹುದು.

ಫಾರಂ ಸ್ಥಿತಿಯಲ್ಲಿ ತುಂಬಿದ ಮೌಲ್ಯ, ಮುಟ್ಟಿದ ಕ್ಷೇತ್ರಗಳು, ದೋಷ ಸೂಚನೆಗಳು, ಸಲ್ಲಿಕೆಯ ಹಂತ ಸೇರುತ್ತವೆ. ಘಟಕವೇ ಪ್ರತಿ ಅಕ್ಷರವನ್ನೂ ಸ್ಥಿತಿಯಲ್ಲಿ ಇಟ್ಟುಕೊಂಡರೆ ಅದು ನಿಯಂತ್ರಿತ ಇನ್‌ಪುಟ್; ಡಾಮ್ ಇಟ್ಟುಕೊಂಡು, ಸಲ್ಲಿಸುವಾಗ ಮಾತ್ರ ಓದಿದರೆ ಅನಿಯಂತ್ರಿತ ಇನ್‌ಪುಟ್.

ಶಾಶ್ವತ ಸ್ಥಿತಿ ಪುಟ ಮುಚ್ಚಿದ ಮೇಲೂ ಉಳಿಯುತ್ತದೆ. ಲೋಕಲ್ ಸ್ಟೋರೇಜ್ ಅಕ್ಷರಮಾಲೆಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ. ದೊಡ್ಡ ಪ್ರಮಾಣದ ದತ್ತಾಂಶಕ್ಕೆ ಇಂಡೆಕ್ಸ್ಡ್‌ಡಿಬಿ ಬಳಕೆಯಾಗುತ್ತದೆ.

ಸಂಕೀರ್ಣತೆಯ ಕಾರಣಗಳು

ಮೊದಲ ಕಾರಣ ನಕಲು. ಒಂದೇ ಸತ್ಯವನ್ನು ಎರಡು ಕಡೆ ಬರೆದಿಟ್ಟರೆ ಒಂದು ಬದಲಾಗಿ ಇನ್ನೊಂದು ಉಳಿಯುವ ಸಂದರ್ಭ ಬಂದೇ ಬರುತ್ತದೆ. ಬುಟ್ಟಿಯ ಪಟ್ಟಿಯ ಜೊತೆಗೆ ಒಟ್ಟು ಬೆಲೆಯನ್ನೂ ಸ್ಥಿತಿಯಾಗಿ ಇಟ್ಟರೆ, ಪುಸ್ತಕ ಸೇರಿಸುವ, ತೆಗೆಯುವ, ಪ್ರಮಾಣ ಬದಲಿಸುವ, ರಿಯಾಯಿತಿ ಅನ್ವಯಿಸುವ ಪ್ರತಿ ಜಾಗದಲ್ಲೂ ಎರಡನ್ನೂ ತಿದ್ದಬೇಕಾಗುತ್ತದೆ.

ಎರಡನೆಯದು ಅಸಾಧ್ಯ ಸಂಯೋಜನೆಗಳು. ದತ್ತಾಂಶ ಬರುತ್ತಿದೆ, ಬಂದಿದೆ, ವಿಫಲವಾಗಿದೆ ಎಂಬ ಮೂರು ಸಂಗತಿಗಳನ್ನು ಮೂರು ಹೌದು–ಅಲ್ಲ ಮೌಲ್ಯಗಳಾಗಿ ಇಟ್ಟರೆ ಒಟ್ಟು 8 ಸಂಯೋಜನೆಗಳು ಸಾಧ್ಯ. ಇನ್ನೂ ಆರಂಭವಾಗದ ಸ್ಥಿತಿಯನ್ನು ಸೇರಿಸಿದರೂ ಅವುಗಳಲ್ಲಿ ಅರ್ಥವಿರುವುದು 4ಕ್ಕೆ ಮಾತ್ರ. ಉಳಿದ 4 ತೆರೆಯ ಮೇಲೆ ಒಮ್ಮೆಗೇ ಪರಸ್ಪರ ವಿರುದ್ಧ ಸಂಗತಿಗಳನ್ನು ತೋರಿಸಬಲ್ಲವು.

ಮೂರನೆಯದು ದೂರ. ಮೇಲಿನ ಘಟಕದ ಮೌಲ್ಯ ತುಂಬ ಕೆಳಗಿನ ಘಟಕಕ್ಕೆ ಬೇಕಾದಾಗ ನಡುವಿನ ಘಟಕಗಳೆಲ್ಲ ತಮಗೆ ಬೇಡದ ಪ್ರಾಪ್ಸ್ ಹೊರಬೇಕಾಗುತ್ತದೆ. ಇದಕ್ಕೆ ಪ್ರಾಪ್ ಡ್ರಿಲ್ಲಿಂಗ್ ಎಂದು ಹೆಸರು.

ನಾಲ್ಕನೆಯದು ಕಾಲದ ವ್ಯತ್ಯಯ. ಹುಡುಕು ಪೆಟ್ಟಿಗೆಯಲ್ಲಿ ‘ಮೈ’ ಎಂದೂ ಬಳಿಕ ‘ಮೈಸೂರು’ ಎಂದೂ ಟೈಪಿಸಿದಾಗ ಎರಡು ವಿನಂತಿಗಳು ಹೋಗುತ್ತವೆ. ಮೊದಲನೆಯದರ ಉತ್ತರ ತಡವಾಗಿ ಬಂದರೆ ಹೊಸ ಫಲಿತಾಂಶದ ಮೇಲೆ ಹಳೆಯದು ಬಂದು ಕೂರುತ್ತದೆ.

ಐದನೆಯದು ಇಫೆಕ್ಟ್‌ಗಳ ಸರಪಣಿ. ಒಂದು ಮೌಲ್ಯ ಬದಲಾದಾಗ ಇಫೆಕ್ಟ್ ಮೂಲಕ ಎರಡನೆಯದನ್ನೂ, ಅದು ಬದಲಾದಾಗ ಮೂರನೆಯದನ್ನೂ ಹೊಂದಿಸುವ ಕೋಡಿನಲ್ಲಿ, ನಡುವಿನ ಪ್ರತಿ ಹಂತವೂ ಅಪೂರ್ಣ ಸ್ಥಿತಿಯೊಂದನ್ನು ತೆರೆಗೆ ತರಬಲ್ಲದು.

ಸರಳೀಕರಣದ ಸೂತ್ರಗಳು

ಕನಿಷ್ಠ ಸ್ಥಿತಿ. ಲೆಕ್ಕಹಾಕಿ ಪಡೆಯಬಹುದಾದ ಯಾವುದನ್ನೂ ಸ್ಥಿತಿಯಾಗಿ ಇಡುವುದಿಲ್ಲ. ಪುಸ್ತಕ ಹುಡುಕುವ ಪುಟದಲ್ಲಿ ಪುಸ್ತಕಗಳ ಪಟ್ಟಿ ಮತ್ತು ಹುಡುಕು ಪದ ಇವೆರಡೇ ಸ್ಥಿತಿ. ಸೋಸಿದ ಪಟ್ಟಿ, ಫಲಿತಾಂಶಗಳ ಸಂಖ್ಯೆ, ‘ಯಾವುದೂ ಸಿಗಲಿಲ್ಲ’ ಎಂಬ ಸೂಚನೆ ಮೂರೂ ನಿಷ್ಪನ್ನ. ಲೆಕ್ಕ ದುಬಾರಿಯಾದರೆ ಹಿಂದಿನ ಫಲಿತಾಂಶವನ್ನು ಕಾದಿಟ್ಟು ಮರುಬಳಸುವ ಮೆಮೊಯಿಸೇಶನ್ ತಂತ್ರ ಇದೆ. ಅದರಿಂದ ವೇಗ ಸುಧಾರಿಸುತ್ತದೆ, ಒಡೆತನ ಬದಲಾಗುವುದಿಲ್ಲ.

ಏಕೈಕ ಒಡೆತನ. ಪ್ರತಿ ಮೌಲ್ಯವೂ ಒಂದೇ ಜಾಗದಲ್ಲಿ ವಾಸಿಸುತ್ತದೆ. ಆಯ್ದ ಪುಸ್ತಕವನ್ನು ನೆನಪಿಡಲು ಇಡೀ ಪುಸ್ತಕದ ನಕಲನ್ನು ಇಡುವ ಬದಲು ಅದರ ಗುರುತುಸಂಖ್ಯೆಯನ್ನಷ್ಟೇ ಇಟ್ಟರೆ ಸಾಕು. ವಿವರವನ್ನು ಮೂಲಪಟ್ಟಿಯಿಂದ ಪಡೆಯಬಹುದು. ದೊಡ್ಡ ಸ್ಟೋರುಗಳಲ್ಲಿ ದತ್ತಾಂಶವನ್ನು ಗುರುತುಸಂಖ್ಯೆಯ ಆಧಾರದ ಕೋಷ್ಟಕಗಳಾಗಿ ಇಡುವ ಸಾಮಾನ್ಯೀಕರಣ ಇದೇ ತತ್ತ್ವದ ವಿಸ್ತರಣೆ. ಇದು ಸಂಬಂಧಾತ್ಮಕ ಡೇಟಾಬೇಸ್ ವಿನ್ಯಾಸದಿಂದ ಬಂದದ್ದು.

ಸಾಮೀಪ್ಯ. ಸ್ಥಿತಿಯನ್ನು ಅದು ಬೇಕಾದ ಘಟಕಗಳ ಅತಿ ಹತ್ತಿರದ ಸಮಾನ ತಾಯಿ ಘಟಕದಲ್ಲಿ ಇಡಲಾಗುತ್ತದೆ. ಎರಡು ಸೋದರ ಘಟಕಗಳಿಗೆ ಒಂದೇ ಮೌಲ್ಯ ಬೇಕಾದಾಗ ಅದನ್ನು ತಾಯಿಗೆ ಏರಿಸುವುದು ‘ಸ್ಥಿತಿಯನ್ನು ಮೇಲೆತ್ತುವುದು’. ಬೇಕಿಲ್ಲದಾಗ ಮತ್ತೆ ಕೆಳಗಿಳಿಸುವುದೂ ಸರಳೀಕರಣದ ಭಾಗ. ಕೆಳಗಿಳಿಸಿದಷ್ಟೂ ಮರುಚಿತ್ರಣದ ವ್ಯಾಪ್ತಿ ಕುಗ್ಗುತ್ತದೆ.

ಏಕಮುಖ ಹರಿವು. ಮೌಲ್ಯಗಳು ಪ್ರಾಪ್ಸ್ ರೂಪದಲ್ಲಿ ಕೆಳಗೆ ಹೋಗುತ್ತವೆ, ಬದಲಾವಣೆಯ ಕೋರಿಕೆಗಳು ಘಟನೆಗಳ ರೂಪದಲ್ಲಿ ಮೇಲೆ ಬರುತ್ತವೆ. ತಪ್ಪು ಮೌಲ್ಯ ಎಲ್ಲಿಂದ ಬಂತೆಂದು ಹುಡುಕುವ ದಾರಿ ಒಂದೇ ಆಗುತ್ತದೆ.

ಹೆಸರುಳ್ಳ ಸ್ಥಿತ್ಯಂತರ. ಹಲವು ಮೌಲ್ಯಗಳು ಒಟ್ಟಿಗೆ ಬದಲಾಗುವಲ್ಲಿ ರಿಡ್ಯೂಸರ್ ಉಪಯುಕ್ತ. ಅದು ಈಗಿನ ಸ್ಥಿತಿ ಮತ್ತು ನಡೆದ ಕ್ರಿಯೆಯನ್ನು ಪಡೆದು ಮುಂದಿನ ಸ್ಥಿತಿಯನ್ನು ಕೊಡುವ, ಹೊರಗಿನ ಯಾವುದನ್ನೂ ಬದಲಿಸದ ಶುದ್ಧ ಫಂಕ್ಷನ್. ‘ಪುಸ್ತಕ ಸೇರಿತು’, ‘ರಿಯಾಯಿತಿ ಅನ್ವಯವಾಯಿತು’ ಎಂಬ ಹೆಸರುಗಳು ಕೋಡಿನ ಉದ್ದೇಶವನ್ನು ದಾಖಲಿಸುತ್ತವೆ.

ಸ್ಥಿತಿಯಂತ್ರ. ಹೌದು–ಅಲ್ಲ ಮೌಲ್ಯಗಳ ಗುಂಪಿನ ಬದಲು ಒಂದೇ ಹಂತಸೂಚಕವನ್ನು ಇಟ್ಟು, ಯಾವ ಹಂತದಿಂದ ಯಾವುದಕ್ಕೆ ಹೋಗಬಹುದು ಎಂದು ಪಟ್ಟಿಮಾಡಲಾಗುತ್ತದೆ. ಹಣ ಪಾವತಿ ನಡೆಯುತ್ತಿರುವ ಹಂತದಲ್ಲಿ ‘ಪಾವತಿಸು’ ಎಂಬ ಘಟನೆಗೆ ಸ್ಥಾನವೇ ಇಲ್ಲದಿದ್ದರೆ ಗುಂಡಿಯನ್ನು ಎರಡು ಬಾರಿ ಒತ್ತುವುದರಿಂದ ಎರಡು ವಿನಂತಿ ಹೋಗುವುದಿಲ್ಲ. ಟೈಪ್‌ಸ್ಕ್ರಿಪ್ಟ್‌ನ ಗುರುತುಪಟ್ಟಿಯುಳ್ಳ ಯೂನಿಯನ್ ಟೈಪ್‌ಗಳು ಅಸಾಧ್ಯ ಸಂಯೋಜನೆಗಳನ್ನು ಕಂಪೈಲ್ ಹಂತದಲ್ಲೇ ತಿರಸ್ಕರಿಸುತ್ತವೆ.

ಇಫೆಕ್ಟ್‌ಗಳ ಮಿತಿ. ಇಫೆಕ್ಟ್ ಹೊರಗಿನ ವ್ಯವಸ್ಥೆಯೊಂದಿಗೆ ಹೊಂದಾಣಿಕೆಗೆ ಮೀಸಲು. ಬಳಕೆದಾರರ ಕ್ರಿಯೆಗೆ ಪ್ರತಿಕ್ರಿಯೆ ಘಟನೆಯ ನಿರ್ವಾಹಕದಲ್ಲಿ, ಲೆಕ್ಕಾಚಾರ ಚಿತ್ರಣದಲ್ಲಿ ನಡೆಯುತ್ತದೆ. ಆರಂಭಿಸಿದ್ದನ್ನು ನಿಲ್ಲಿಸುವ ಶುಚೀಕರಣವೂ ಇಫೆಕ್ಟ್‌ನ ಅಂಗ. ಹಳೆಯ ವಿನಂತಿಯನ್ನು ಬ್ರೌಸರಿನ ಅಬಾರ್ಟ್‌ಕಂಟ್ರೋಲರ್ ಸೌಲಭ್ಯದ ಮೂಲಕ ರದ್ದುಮಾಡಿದರೆ ಮೇಲೆ ಹೇಳಿದ ಕಾಲವ್ಯತ್ಯಯ ತಪ್ಪುತ್ತದೆ.

ಸಾಧನಗಳು

ಚೌಕಟ್ಟಿನೊಳಗಿನ ಸೌಲಭ್ಯಗಳಲ್ಲಿ ರಿಯಾಕ್ಟ್‌ನ ಯೂಸ್‌ಸ್ಟೇಟ್, ಯೂಸ್‌ರಿಡ್ಯೂಸರ್, ಯೂಸ್‌ಕಾಂಟೆಕ್ಸ್ಟ್ ಮೂರೂ ಮುಖ್ಯ. ಕಾಂಟೆಕ್ಸ್ಟ್ ಮೌಲ್ಯವನ್ನು ನಡುವಿನ ಘಟಕಗಳನ್ನು ದಾಟಿಸಿ ತಲುಪಿಸುವ ಮಾರ್ಗ. ಅದರ ಮೌಲ್ಯ ಬದಲಾದರೆ ಅದನ್ನು ಓದುವ ಎಲ್ಲ ಘಟಕಗಳೂ ಮರುಚಿತ್ರಣಗೊಳ್ಳುವುದರಿಂದ ಭಾಷೆ, ಬಣ್ಣಸಂಯೋಜನೆಯಂಥ ವಿರಳವಾಗಿ ಬದಲಾಗುವ ಮೌಲ್ಯಗಳಿಗೆ ಅದು ಹೊಂದುತ್ತದೆ.

ರಿಡಕ್ಸ್ ಮೂರು ತತ್ತ್ವಗಳ ಮೇಲೆ ನಿಂತಿದೆ: ಅಪ್ಲಿಕೇಶನ್ನಿಗೆ ಒಂದೇ ಸ್ಟೋರ್; ಸ್ಥಿತಿಯನ್ನು ಓದಬಹುದು, ಆದರೆ ಆ್ಯಕ್ಷನ್ (ನಡೆದ ಕ್ರಿಯೆಯ ವಿವರಣೆ) ಕಳುಹಿಸದೆ ಬದಲಿಸುವಂತಿಲ್ಲ; ಬದಲಾವಣೆಯನ್ನು ಶುದ್ಧ ರಿಡ್ಯೂಸರ್ ಮಾತ್ರ ನಿರ್ಧರಿಸುತ್ತದೆ. ಪ್ರತಿ ಆ್ಯಕ್ಷನ್ನನ್ನೂ ದಾಖಲಿಸಿ ಹಿಂದಿನ ಸ್ಥಿತಿಗೆ ಮರಳಿ ನೋಡುವ ದೋಷಶೋಧ ಸಾಧನ ಇದರಿಂದ ಸಾಧ್ಯವಾಯಿತು. ಒಂದು ಸಣ್ಣ ಬದಲಾವಣೆಗೂ ಹಲವು ಕಡತಗಳಲ್ಲಿ ಬರೆಯಬೇಕಾದದ್ದು ಇದರ ತೊಡಕಾಗಿತ್ತು. 2019ರಲ್ಲಿ ಬಂದ ರಿಡಕ್ಸ್ ಟೂಲ್‌ಕಿಟ್ ರಿಡ್ಯೂಸರ್ ಮತ್ತು ಆ್ಯಕ್ಷನ್‌ಗಳನ್ನು ಸ್ಲೈಸ್ ಎಂಬ ಒಂದೇ ವ್ಯಾಖ್ಯೆಯಲ್ಲಿ ಸೇರಿಸಿ, ಇಮ್ಮರ್ ಅನ್ನು ಒಳಗೊಂಡು ಆ ತೊಡಕನ್ನು ಇಳಿಸಿತು.

ಝುಸ್ಟಾಂಡ್ ಚಿಕ್ಕ ಸ್ಟೋರುಗಳನ್ನು ಒಂದು ಹುಕ್ ರೂಪದಲ್ಲಿ ಕೊಡುತ್ತದೆ. ಘಟಕ ತನಗೆ ಬೇಕಾದ ಭಾಗವನ್ನು ಆಯ್ಕೆಗಾರ ಫಂಕ್ಷನ್ ಮೂಲಕ ಓದುತ್ತದೆ. 2020ರಲ್ಲಿ ಫೇಸ್‌ಬುಕ್ ಪ್ರಕಟಿಸಿದ ರಿಕಾಯಿಲ್ ಮತ್ತು ಡೈಶಿ ಕಾಟೊ ಅವರ ಜೋಟಾಯ್ ಸ್ಥಿತಿಯನ್ನು ಆ್ಯಟಮ್ ಎಂಬ ಬಿಡಿ ಕಣಗಳಾಗಿ ಒಡೆಯುತ್ತವೆ. ರಿಕಾಯಿಲ್‌ನ ಅಭಿವೃದ್ಧಿ ಈಗ ನಿಂತಿದೆ. ವ್ಯೂ ಬಳಗದಲ್ಲಿ ಹಿಂದೆ ವ್ಯೂಎಕ್ಸ್ ಬಳಕೆಯಲ್ಲಿತ್ತು, ಈಗ ಪೀನ್ಯಾ ಅಧಿಕೃತ ಶಿಫಾರಸು. ಡೇವಿಡ್ ಖುರ್ಶಿದ್ ಅವರ ಎಕ್ಸ್‌ಸ್ಟೇಟ್ ಹರೆಲ್‌ರ ಸ್ಟೇಟ್‌ಚಾರ್ಟ್‌ಗಳನ್ನು ಜಾವಾಸ್ಕ್ರಿಪ್ಟ್‌ಗೆ ತಂದಿದೆ.

ಸರ್ವರ್ ಸ್ಥಿತಿಗೆ ಪ್ರತ್ಯೇಕ ಸಾಧನಗಳು ಹುಟ್ಟಿದ್ದು ಸರಳೀಕರಣದ ಮಹತ್ವದ ಹೆಜ್ಜೆ. ಟ್ಯಾನರ್ ಲಿನ್ಸ್ಲಿ ಆರಂಭಿಸಿದ ರಿಯಾಕ್ಟ್ ಕ್ವೆರಿ ಇಂದು ಟ್ಯಾನ್‌ಸ್ಟ್ಯಾಕ್ ಕ್ವೆರಿ ಎಂಬ ಹೆಸರಿನಲ್ಲಿ ಹಲವು ಚೌಕಟ್ಟುಗಳಿಗೆ ಲಭ್ಯ. ಅದು ಪ್ರತಿ ವಿನಂತಿಗೂ ಒಂದು ಕೀಲಿಪದ ಕೊಟ್ಟು ಉತ್ತರವನ್ನು ಕಾದಿಡುತ್ತದೆ. ಪೂರ್ವನಿಯೋಜಿತವಾಗಿ ವಿಫಲ ವಿನಂತಿಯನ್ನು 3 ಬಾರಿ ಮರುಪ್ರಯತ್ನಿಸುತ್ತದೆ, ಬಳಕೆಯಲ್ಲಿಲ್ಲದ ಉತ್ತರವನ್ನು 5 ನಿಮಿಷದ ನಂತರ ತೆಗೆದುಹಾಕುತ್ತದೆ, ಬಳಕೆದಾರರು ಕಿಟಕಿಗೆ ಮರಳಿದಾಗ ಹಳತಾದ ದತ್ತಾಂಶವನ್ನು ಹೊಸದಾಗಿ ತರುತ್ತದೆ. ಎಸ್‌ಡಬ್ಲ್ಯುಆರ್, ಅಪೊಲೊ ಕ್ಲೈಂಟ್, ರಿಡಕ್ಸ್ ಟೂಲ್‌ಕಿಟ್‌ನ ಆರ್‌ಟಿಕೆ ಕ್ವೆರಿ ಇದೇ ಕ್ಷೇತ್ರದವು. ಇವನ್ನು ಅಳವಡಿಸಿದಲ್ಲಿ ಸಾರ್ವತ್ರಿಕ ಸ್ಟೋರಿನಲ್ಲಿ ಉಳಿಯುವ ಮೌಲ್ಯಗಳು ಬಹಳ ಕಡಿಮೆಯಾಗುತ್ತವೆ.

ಬಳಕೆ

ವಾಣಿಜ್ಯ ತಾಣಗಳ ಬುಟ್ಟಿ, ರೈಲು ಮತ್ತು ಬಸ್ ಟಿಕೆಟ್ ಕಾಯ್ದಿರಿಸುವ ಫಾರಂಗಳು, ಬ್ಯಾಂಕ್ ವ್ಯವಹಾರ, ನಕ್ಷೆ, ಚಾಟ್, ಹಲವರು ಒಟ್ಟಿಗೆ ತಿದ್ದುವ ದಸ್ತಾವೇಜು ಎಲ್ಲದರಲ್ಲೂ ಸ್ಥಿತಿ ನಿರ್ವಹಣೆ ಇದೆ. ಬೇಕಾದ ಸಾಧನ ಕೆಲಸದ ಸ್ವರೂಪಕ್ಕೆ ತಕ್ಕಂತೆ ಬದಲಾಗುತ್ತದೆ. ರದ್ದುಮಾಡು–ಮರುಮಾಡು ಸೌಲಭ್ಯಕ್ಕೆ ಹಿಂದಿನ, ಈಗಿನ, ಮುಂದಿನ ಸ್ಥಿತಿಗಳ ಸಾಲು ಬೇಕು. ಅಪರಿವರ್ತನೀಯ ವಸ್ತುಗಳಿದ್ದಲ್ಲಿ ಇದು ಅಗ್ಗ. ಮೆಚ್ಚುಗೆಯ ಗುಂಡಿಯಂಥಲ್ಲಿ ಸರ್ವರಿನ ಒಪ್ಪಿಗೆಗೆ ಮೊದಲೇ ತೆರೆಯನ್ನು ಬದಲಿಸಿ, ವಿಫಲವಾದರೆ ಹಿಂತೆಗೆಯುವ ಆಶಾವಾದಿ ನವೀಕರಣ ರೂಢಿಯಲ್ಲಿದೆ.

ಪುಟ ಮೊದಲು ಸರ್ವರಿನಲ್ಲಿ ತಯಾರಾಗುವ ವ್ಯವಸ್ಥೆಯಲ್ಲಿ ಎರಡು ಎಚ್ಚರಗಳಿವೆ. ಸರ್ವರ್ ಮತ್ತು ಬ್ರೌಸರ್ ಎರಡೂ ಒಂದೇ ಆರಂಭಿಕ ಸ್ಥಿತಿಯಿಂದ ಚಿತ್ರಿಸಬೇಕು, ಇಲ್ಲವಾದರೆ ಬ್ರೌಸರ್ ಆ ಪುಟಕ್ಕೆ ಘಟಕಗಳನ್ನು ಜೋಡಿಸುವ ಹೈಡ್ರೇಶನ್ ಹಂತದಲ್ಲಿ ಹೊಂದಾಣಿಕೆ ತಪ್ಪುತ್ತದೆ. ಸ್ಟೋರನ್ನು ಪ್ರತಿ ವಿನಂತಿಗೂ ಹೊಸದಾಗಿ ಸೃಷ್ಟಿಸಬೇಕು, ಇಲ್ಲವಾದರೆ ಒಬ್ಬರ ದತ್ತಾಂಶ ಇನ್ನೊಬ್ಬರಿಗೆ ಸೋರಬಹುದು. ಬ್ರೌಸರಿನ ಸ್ಥಿತಿಯನ್ನು ಬಳಕೆದಾರರು ಬದಲಿಸಬಲ್ಲರಾದ್ದರಿಂದ ಬೆಲೆ, ಅಧಿಕಾರಗಳಂಥ ಸಂಗತಿಗಳನ್ನು ಸರ್ವರ್ ಮತ್ತೆ ಪರಿಶೀಲಿಸಲೇಬೇಕು.

ತೆರೆ ಓದುವ ತಂತ್ರಾಂಶ ಬಳಸುವ ಅಂಧರಿಗೆ ಸ್ಥಿತಿ ತಲುಪುವುದು ಎಆರ್‌ಐಎ ಗುಣಲಕ್ಷಣಗಳ ಮೂಲಕ. ಪಟ್ಟಿ ಬಿಚ್ಚಿದೆ ಎಂಬುದನ್ನು ನೋಟಕ್ಕೂ ಗುಣಲಕ್ಷಣಕ್ಕೂ ಒಂದೇ ಮೌಲ್ಯದಿಂದ ಕೊಟ್ಟಾಗ ಕಣ್ಣಿಗೆ ಕಾಣುವುದೂ ಕಿವಿಗೆ ಕೇಳುವುದೂ ಒಂದೇ ಆಗಿರುತ್ತದೆ.

ಕನ್ನಡ ಪಠ್ಯದ ಸ್ಥಿತಿ

ಕನ್ನಡದಲ್ಲಿ ಟೈಪಿಸುವ ಇನ್‌ಪುಟ್ ಘಟಕಗಳಿಗೆ ವಿಶೇಷ ಗಮನ ಬೇಕು. ಹಲವು ಲಿಪ್ಯಂತರ ಕೀಲಿಮಣೆಗಳಲ್ಲಿ ಪದ ಪೂರ್ಣಗೊಳ್ಳುವವರೆಗೆ ಅಕ್ಷರಗಳು ತಾತ್ಕಾಲಿಕ ರಚನೆಯಲ್ಲಿರುತ್ತವೆ. ಬ್ರೌಸರ್ ಇದನ್ನು ಕಾಂಪೊಸಿಶನ್ ಘಟನೆಗಳ ಮೂಲಕ ತಿಳಿಸುತ್ತದೆ. ಈ ನಡುವೆ ನಿಯಂತ್ರಿತ ಇನ್‌ಪುಟ್ ಮೌಲ್ಯವನ್ನು ಸೋಸಿ ಅಥವಾ ಕತ್ತರಿಸಿ ಹಿಂದಿರುಗಿಸಿದರೆ ಅರ್ಧ ಕಟ್ಟಿದ ಪದ ಒಡೆಯುತ್ತದೆ. ರಚನೆ ನಡೆಯುತ್ತಿದೆಯೇ ಎಂಬುದನ್ನು ಗಮನಿಸಿ, ಮುಗಿದ ಮೇಲೆ ಪರಿಶೀಲಿಸುವುದು ಸರಿಯಾದ ಕ್ರಮ.

ಅಕ್ಷರಗಳ ಎಣಿಕೆಯೂ ಹೀಗೆಯೇ. ‘ಕ್ಷಿ’ ಓದುಗರಿಗೆ ಒಂದೇ ಅಕ್ಷರ; ಜಾವಾಸ್ಕ್ರಿಪ್ಟ್‌ನ ಉದ್ದದ ಲೆಕ್ಕದಲ್ಲಿ ಕಕಾರ, ವಿರಾಮ, ಷಕಾರ, ಇಕಾರ ಸೇರಿ 4. ಪಠ್ಯವನ್ನು ಮಾತ್ರ ಸ್ಥಿತಿಯಾಗಿ ಇಟ್ಟು, ಉಳಿದ ಅಕ್ಷರಗಳ ಸಂಖ್ಯೆಯನ್ನು ನಿಷ್ಪನ್ನಗೊಳಿಸಿದರೆ ಎಣಿಕೆಯ ನಿಯಮವನ್ನು ಒಂದೇ ಕಡೆ ತಿದ್ದಬಹುದು. ಬೆಲೆಯನ್ನು ಸಂಖ್ಯೆಯಾಗಿಯೇ ಇಟ್ಟು ಕನ್ನಡ ಅಂಕಿಗಳಲ್ಲಿ ತೋರಿಸುವುದನ್ನು ಚಿತ್ರಣಕ್ಕೆ ಬಿಡುವುದೂ ಇದೇ ಸೂತ್ರದ ಅನ್ವಯ.

ಪರೀಕ್ಷೆ ಮತ್ತು ದೋಷಶೋಧ

ಶುದ್ಧ ಫಂಕ್ಷನ್ನುಗಳಾದ ರಿಡ್ಯೂಸರ್ ಮತ್ತು ಆಯ್ಕೆಗಾರಗಳನ್ನು ಬ್ರೌಸರಿಲ್ಲದೆ ಪರೀಕ್ಷಿಸಬಹುದು: ಒಂದು ಸ್ಥಿತಿ, ಒಂದು ಕ್ರಿಯೆ, ನಿರೀಕ್ಷಿತ ಫಲಿತ. ಘಟಕಗಳ ಪರೀಕ್ಷೆಯಲ್ಲಿ ಒಳಗಿನ ಸ್ಥಿತಿಯನ್ನು ಇಣುಕದೆ ಬಳಕೆದಾರರು ಕಾಣುವುದನ್ನು ಪರಿಶೀಲಿಸುವ ಪದ್ಧತಿ ಪ್ರಚಲಿತವಾಗಿದೆ. ಹೀಗೆ ಮಾಡಿದರೆ ಸ್ಥಿತಿಯ ರಚನೆಯನ್ನು ಸರಳಗೊಳಿಸಿದಾಗ ಪರೀಕ್ಷೆಗಳು ಮುರಿಯುವುದಿಲ್ಲ. ರಿಯಾಕ್ಟ್‌ನ ಸ್ಟ್ರಿಕ್ಟ್ ಮೋಡ್ ಅಭಿವೃದ್ಧಿಯ ಹಂತದಲ್ಲಿ ಘಟಕವನ್ನು ಎರಡು ಬಾರಿ ಚಿತ್ರಿಸಿ ಅಶುದ್ಧ ಲೆಕ್ಕಾಚಾರಗಳನ್ನು ಬಯಲಿಗೆ ತರುತ್ತದೆ.

ಸದ್ಯದ ಸ್ಥಿತಿ

2020ರ ದಶಕದಲ್ಲಿ ಎರಡು ಧಾರೆಗಳು ಪ್ರಬಲವಾಗಿವೆ. ಮೊದಲನೆಯದು ಸಿಗ್ನಲ್, ಅಂದರೆ ತನ್ನನ್ನು ಓದಿದ ಲೆಕ್ಕಾಚಾರಗಳನ್ನು ದಾಖಲಿಸಿಕೊಂಡು, ಬದಲಾದಾಗ ಅವನ್ನಷ್ಟೇ ಮತ್ತೆ ನಡೆಸುವ ಮೌಲ್ಯ. ರಯಾನ್ ಕಾರ್ನಿಯಾಟೊ ಅವರ ಸಾಲಿಡ್ ಇದನ್ನು ಮುನ್ನೆಲೆಗೆ ತಂದಿತು. ಪ್ರಿಯಾಕ್ಟ್ 2022ರಲ್ಲಿ, ಆ್ಯಂಗ್ಯುಲರ್ 2023ರ 16ನೇ ಆವೃತ್ತಿಯಲ್ಲಿ ಸಿಗ್ನಲ್‌ಗಳನ್ನು ಸೇರಿಸಿಕೊಂಡವು. ಅಕ್ಟೋಬರ್ 2024ರ ಸ್ವೆಲ್ಟ್ 5 ರೂನ್ಸ್ ಎಂಬ ಹೆಸರಿನಲ್ಲಿ ಸ್ಥಿತಿ, ನಿಷ್ಪನ್ನ ಮೌಲ್ಯ, ಇಫೆಕ್ಟ್ ಮೂರಕ್ಕೂ ಪ್ರತ್ಯೇಕ ಗುರುತು ಕೊಟ್ಟಿತು. ಸಿಗ್ನಲ್ ಅನ್ನು ಜಾವಾಸ್ಕ್ರಿಪ್ಟ್ ಭಾಷೆಗೇ ಸೇರಿಸುವ ಪ್ರಸ್ತಾವ ಏಪ್ರಿಲ್ 2024ರಲ್ಲಿ ಭಾಷಾ ಪ್ರಮಾಣೀಕರಣ ಸಮಿತಿ ಟಿಸಿ39ರ 1ನೇ ಹಂತಕ್ಕೆ ಪ್ರವೇಶ ಪಡೆಯಿತು.

ಎರಡನೆಯದು ಸರ್ವರಿನತ್ತ ಮರುಪಯಣ. ಡಿಸೆಂಬರ್ 2024ರ ರಿಯಾಕ್ಟ್ 19 ಸರ್ವರ್ ಘಟಕಗಳನ್ನೂ, ಫಾರಂ ಸಲ್ಲಿಕೆ ಮತ್ತು ಆಶಾವಾದಿ ನವೀಕರಣಕ್ಕೆ ಸಿದ್ಧ ಹುಕ್‌ಗಳನ್ನೂ ಒಳಗೊಂಡಿದೆ. ಎಚ್‌ಟಿಎಂಎಕ್ಸ್ ಮತ್ತು ಫೀನಿಕ್ಸ್ ಲೈವ್‌ವ್ಯೂ ಎಂಬ ಸಾಧನಗಳು ಸ್ಥಿತಿಯ ಬಹುಭಾಗವನ್ನು ಸರ್ವರಿನಲ್ಲೇ ಉಳಿಸುತ್ತವೆ. ಕೈಯಿಂದ ಬರೆಯುತ್ತಿದ್ದ ಮೆಮೊಯಿಸೇಶನ್ನನ್ನು ತಾನೇ ಸೇರಿಸುವ ರಿಯಾಕ್ಟ್ ಕಂಪೈಲರ್ ಅಕ್ಟೋಬರ್ 2025ರಲ್ಲಿ 1.0 ಆವೃತ್ತಿ ತಲುಪಿತು.

ಎರಡು ಧಾರೆಗಳಲ್ಲೂ ಬ್ರೌಸರಿನ ಘಟಕಗಳು ತಾವೇ ಹೊರಬೇಕಾದ ಸ್ಥಿತಿ ಕಡಿಮೆಯಾಗುತ್ತಿದೆ: ಸಿಗ್ನಲ್ ಪದ್ಧತಿ ನಿಷ್ಪನ್ನ ಮೌಲ್ಯಗಳ ಹೊಣೆಯನ್ನು ಚೌಕಟ್ಟಿಗೆ ಒಪ್ಪಿಸುತ್ತದೆ, ಸರ್ವರ್ ಪದ್ಧತಿ ದತ್ತಾಂಶವನ್ನು ಅದರ ಮೂಲ ಒಡೆಯನ ಬಳಿಯೇ ಬಿಡುತ್ತದೆ. ಬಳಕೆದಾರರ ಉದ್ದೇಶವನ್ನು ಹಿಡಿದಿಡುವ ಮೌಲ್ಯಗಳನ್ನು ಆಯ್ದು, ಅವುಗಳ ಒಡೆತನವನ್ನೂ ಅನುಮತಿಸಿದ ಬದಲಾವಣೆಗಳನ್ನೂ ನಿರ್ಧರಿಸುವ ಕೆಲಸ ಮಾತ್ರ ಎಲ್ಲ ಚೌಕಟ್ಟುಗಳಲ್ಲೂ ವಿನ್ಯಾಸಕರಿಗೇ ಉಳಿದಿದೆ.